ಅಳಿಸಿದ ಮೇಲೆ, ಬರೆಯುವ ಮುನ್ನ

ಫ್ಲ್ಯಾಶ್ ಮೆಮೊರಿಯಲ್ಲಿ ಒಂದೇ ಒಂದು ಅಕ್ಷರವನ್ನು ತಿದ್ದಲು ಬರುವುದಿಲ್ಲ. ಮೊಬೈಲು, ಪೆನ್‌ಡ್ರೈವ್, ಟಿವಿ, ಮನೆಯ ವೈಫೈ ಡಬ್ಬಿ ಎಲ್ಲದರ ಹೊಟ್ಟೆಯಲ್ಲೂ ಈಗ ಇದೇ ಜಾತಿಯ ಚಿಪ್ಪು ಇರುವುದರಿಂದ ಈ ಮಾತು ಎಂಜಿನಿಯರುಗಳಿಗೆ ಮಾತ್ರ ಸೇರಿದ್ದಲ್ಲ. ಈ ಚಿಪ್ಪಿನಲ್ಲಿ 1 ಇದ್ದ ಕಡೆ 0 ಬರೆಯಬಹುದು. 0 ಆದದ್ದನ್ನು ಮತ್ತೆ 1 ಮಾಡಬೇಕೆಂದರೆ ಆ ಒಂದನ್ನೇ ಹಿಡಿದು ಎಬ್ಬಿಸಲಾಗದು. ಅದರ ಅಕ್ಕಪಕ್ಕದ ಸಾವಿರಾರು ಅಕ್ಷರಗಳ ಇಡೀ ಬ್ಲಾಕನ್ನು ಒಂದೇ ಏಟಿಗೆ ಒರೆಸಿ ಹಾಕಬೇಕು. ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ 1984ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟಾಗ ಇದರ ಅಗ್ಗದ ಗುಟ್ಟೂ ಇಲ್ಲೇ ಇತ್ತು. ಬಿಡಿಬಿಡಿಯಾಗಿ ಅಳಿಸುವ ಸೌಕರ್ಯವನ್ನು ಬಿಟ್ಟುಕೊಟ್ಟರೆ ಅಷ್ಟೇ ಜಾಗದಲ್ಲಿ ಹೆಚ್ಚು ನೆನಪು ಹಿಡಿಸುತ್ತದೆ.

ಒರೆಸಿದ ಬ್ಲಾಕನ್ನು ಓದಿದರೆ ಸೊನ್ನೆ ಕಾಣುವುದಿಲ್ಲ. ಸಾಲು ಸಾಲು ಒಂದುಗಳೇ ಕಾಣುತ್ತವೆ. ಪರದೆಯ ಮೇಲೆ ‘ಎಫ್‌ಎಫ್ ಎಫ್‌ಎಫ್ ಎಫ್‌ಎಫ್’ ಎಂದು ಕೊನೆಯಿಲ್ಲದೆ ಇಳಿಯುತ್ತದೆ. ಈ ಚಿಪ್ಪಿಗೆ ಖಾಲಿ ಎಂದರೆ ಎಲ್ಲವೂ ಒಂದು. ಬರೆಯುವುದೆಂದರೆ ಆ ಒಂದುಗಳಲ್ಲಿ ಅಲ್ಲಲ್ಲಿ ಕಳೆಯುತ್ತ ಹೋಗುವುದು. ಶೂನ್ಯದ ಬಗ್ಗೆ ಎಂಟುನೂರು ವರ್ಷಗಳಿಂದ ತಲೆ ಕೆಡಿಸಿಕೊಂಡ ನಾಡಿನವನಾದ ನನಗೆ ಇದು ಮೊದಲ ಸಲ ಕಂಡಾಗ ನಗು ಬಂತು. ಬಯಲು ಬರಿದಲ್ಲ ಎಂದು ಹೇಳಲು ನಮ್ಮವರು ಎಷ್ಟೊಂದು ಒದ್ದಾಡಿದರು. ಇಲ್ಲಿ ಅದನ್ನು ಡೇಟಾಶೀಟಿನಲ್ಲಿ ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದಾರೆ.

ಬರೆದದ್ದಾದರೂ ಎಷ್ಟು ದಿನ? ಒಂದೊಂದು ಸೊನ್ನೆಯೂ ಗಾಜಿನಂಥ ಪದರದ ಹಿಂದೆ ಕೂಡಿಹಾಕಿದ ಎಲೆಕ್ಟ್ರಾನುಗಳ ಪುಟ್ಟ ಗುಂಪು. ಅವು ಮೆಲ್ಲಗೆ ಸೋರುತ್ತವೆ. ಕಂಪನಿಗಳು ಸಾಮಾನ್ಯವಾಗಿ ಹತ್ತು ವರ್ಷದ ಮಾತು ಕೊಡುತ್ತವೆ. ಬಿಸಿ ಹೆಚ್ಚಾದಷ್ಟೂ ಸೋರಿಕೆಯೂ ಹೆಚ್ಚು, ಹಾಗಾಗಿ ಆ ಹತ್ತು ವರ್ಷ ಕಲಬುರಗಿಯ ಮೇ ತಿಂಗಳನ್ನು ಕಂಡ ವರ್ಷಗಳಲ್ಲ. ಇದಕ್ಕಿಂತ ಹಿಂದಿನ ಪೀಳಿಗೆಯ ಇಪಿರಾಮ್ ಚಿಪ್ಪುಗಳ ಬೆನ್ನ ಮೇಲೆ ಒಂದು ಪುಟ್ಟ ಕಿಟಕಿ ಇರುತ್ತಿತ್ತು. ಅಲ್ಲಿಂದ ಅತಿನೇರಳೆ ಬೆಳಕು ಬಿಟ್ಟರೆ ಒಳಗಿನ ಬರಹ ಅಳಿಯುತ್ತಿತ್ತು. ಕಿಟಕಿಯ ಮೇಲೆ ಚೀಟಿ ಅಂಟಿಸಲು ಮರೆತು ಬಿಸಿಲಲ್ಲಿ ಇಟ್ಟರೆ ಸುಮಾರು ಒಂದು ವಾರದಲ್ಲಿ ಸೂರ್ಯನೇ ಓದಿ ಅಳಿಸಿಬಿಡುತ್ತಿದ್ದ.

ಅಳಿವಿನ ಬಗ್ಗೆ ಬರೆದವರೆಲ್ಲ ಹೆಚ್ಚಾಗಿ ಹಳೆಯದು ಹೋಗುವುದರ ಬಗ್ಗೆ ಬರೆದಿದ್ದಾರೆ, ಅಥವಾ ಹೊಸದು ಬರುವುದರ ಬಗ್ಗೆ. ನಡುವಿನ ಜಾಗದ ಬಗ್ಗೆ ಬರೆದವರು ಕಡಿಮೆ. ಅಳಿಸಿ ಆಗಿದೆ, ಇನ್ನೂ ಬರೆದಿಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಯಂತ್ರದ ಒಳಗಿನ ತಂತ್ರಾಂಶವನ್ನು ಬದಲಿಸುವ ಫರ್ಮ್‌ವೇರ್ ಅಪ್‌ಗ್ರೇಡ್ ಎಂಬ ಕ್ರಿಯೆಯಲ್ಲಿ ಈ ಜಾಗಕ್ಕೆ ಗಡಿಯಾರದಲ್ಲಿ ಅಳೆಯಬಹುದಾದಷ್ಟು ಉದ್ದವಿದೆ. ಕೆಲವು ಸೆಕೆಂಡು, ಕೆಲವೊಮ್ಮೆ ಒಂದೆರಡು ನಿಮಿಷ. ಪರದೆಯ ಮೇಲೆ ಎಲ್ಲ ಕಂಪನಿಯವರೂ ಒಂದೇ ಎಚ್ಚರಿಕೆ ಹಾಕುತ್ತಾರೆ: ಕರೆಂಟ್ ತೆಗೆಯಬೇಡಿ.

ಕಲಬುರಗಿಯ ಗಂಜಿನಲ್ಲಿ ಒಂದು ಅಡತಿ ಅಂಗಡಿ. ತೊಗರಿ ವ್ಯಾಪಾರ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಅವರದೊಂದೊಂದು ಖರೀದಿ ಅಂಗಡಿ ಇತ್ತು. ಬೆಳಿಗ್ಗೆ ಸವಾಲು ಶುರುವಾಗುವ ಮುಂಚೆ ಮೂರೂ ಊರಿನಿಂದ ದರ ಕೇಳಿಕೊಳ್ಳಬೇಕು, ಸಂಜೆ ಎಷ್ಟು ಚೀಲ ಬಂತೆಂದು ಬರೆದುಕೊಳ್ಳಬೇಕು. ಅದಕ್ಕಾಗಿ ಗಾದಿಯ ಹಿಂದಿನ ಗೋಡೆಗೆ ಒಂದು ಸಣ್ಣ ಲಿನಕ್ಸ್ ಪೆಟ್ಟಿಗೆ ಬಡಿದಿದ್ದರು. ಊಟದ ಡಬ್ಬಿಯಷ್ಟು ದೊಡ್ಡದು, ಫ್ಯಾನಿಲ್ಲ, ಸದ್ದಿಲ್ಲ. ನಾಲ್ಕು ಪೋರ್ಟು: ಎರಡಕ್ಕೆ ಹೊರಗಿನ ಲ್ಯಾಂಡ್‌ಲೈನು, ಎರಡಕ್ಕೆ ಒಳಗಿನ ಹಳೆಯ ಗುಂಡಿ ಫೋನು. ಒಳಗೆ ಆಸ್ಟರಿಸ್ಕ್ ಎಂಬ ತಂತ್ರಾಂಶ. ಅದನ್ನು 1999ರಲ್ಲಿ ಅಮೆರಿಕದ ಅಲಬಾಮಾದ ಮಾರ್ಕ್ ಸ್ಪೆನ್ಸರ್ ಎಂಬ ಹುಡುಗ ತನ್ನ ಪುಟ್ಟ ಕಂಪನಿಗೆ ದುಬಾರಿ ಫೋನ್ ಎಕ್ಸ್‌ಚೇಂಜ್ ಕೊಳ್ಳಲಾಗದೆ ತಾನೇ ಬರೆದುಕೊಂಡ. ಪೆಟ್ಟಿಗೆಯ ಮೂಲ ವಿನ್ಯಾಸ ಆಸ್ಟ್ರೇಲಿಯಾದ ಅಡಿಲೇಡಿನ ಡೇವಿಡ್ ರೋ ಮಾಡಿದ ಐಪಿ04 ಎಂಬುದರ ಕುಲದ್ದು. ಹಾರ್ಡ್‌ವೇರಿನ ನಕ್ಷೆಯನ್ನೂ ಯಾರು ಬೇಕಾದರೂ ತೆಗೆದುಕೊಂಡು ಮಾಡಿಕೊಳ್ಳಲೆಂದು ಆತ ಬಹಿರಂಗವಾಗಿ ಇಟ್ಟಿದ್ದ. ಒಳಗಿನ ಪ್ರೊಸೆಸರ್ ಅನಲಾಗ್ ಡಿವೈಸಸ್ ಕಂಪನಿಯ ಬ್ಲ್ಯಾಕ್‌ಫಿನ್.

ಈ ಪೆಟ್ಟಿಗೆಯ ಫರ್ಮ್‌ವೇರ್ ಅಪ್‌ಗ್ರೇಡ್ ನಡುವೆ ಕರೆಂಟ್ ಹೋಯಿತು. ಇನ್ವರ್ಟರ್ ಇತ್ತು, ಅದರ ಬ್ಯಾಟರಿಗೆ ನೀರು ಹಾಕಿ ಯಾವ ಕಾಲವಾಗಿತ್ತೋ. ಕರೆಂಟ್ ಮತ್ತೆ ಬಂದಾಗ ಪೆಟ್ಟಿಗೆಯ ಹಸಿರು ದೀಪ ಹತ್ತಿತು, ಅಷ್ಟೇ. ಫೋನೆತ್ತಿದರೆ ಡಯಲ್ ಟೋನ್ ಇಲ್ಲ. ಅಂಗಡಿಯ ಮುನೀಮರು ರಿಸೀವರನ್ನು ಕಿವಿಗಿಟ್ಟುಕೊಂಡು, ತೆಗೆದು, ನೋಡಿ, ಮತ್ತೆ ಇಟ್ಟುಕೊಂಡು ಹೇಳಿದ್ದು: ‘ಸರ್ರ, ದೀಪ ಹತ್ಯದ, ಖರೆ ಜೀವ ಇಲ್ಲ ನೋಡ್ರಿ.’

ರೋಗನಿರ್ಣಯ ಅಲ್ಲೇ ಮುಗಿಯಿತು ಎನ್ನಬಹುದು. ಆದರೆ ಅದು ಪೂರ್ತಿ ಸರಿಯಲ್ಲ. ಇಂಥ ಪೆಟ್ಟಿಗೆಗಳ ತಳದಲ್ಲಿ ಯಾವ ಅಪ್‌ಗ್ರೇಡೂ ಮುಟ್ಟದ ಒಂದು ತುಣುಕು ಇರುತ್ತದೆ. ಬೂಟ್‌ಲೋಡರ್ ಅಂತಾರೆ. ಇದರಲ್ಲಿದ್ದದ್ದು ಯು-ಬೂಟ್. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ವರ್ಷಗಟ್ಟಲೆ ಸಾಕಿದ ತಂತ್ರಾಂಶ. ಮುಚ್ಚಳ ಬಿಚ್ಚಿ ಒಳಗಿನ ಸೀರಿಯಲ್ ಪಿನ್ನುಗಳಿಗೆ ಮೂರು ವೈರು ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ 115200 ವೇಗ ಇಟ್ಟು ಕೂತರೆ ಅದು ಮಾತಾಡುತ್ತದೆ. ಮೊದಲು ತನ್ನ ಹೆಸರು ಹೇಳುತ್ತದೆ, ಎಷ್ಟು ಮೆಮೊರಿ ಕಂಡಿತೆಂದು ಹೇಳುತ್ತದೆ, ಆಮೇಲೆ ಯಾವುದಾದರೂ ಕೀಲಿ ಒತ್ತಿದರೆ ನಿಲ್ಲುತ್ತೇನೆಂದು ಹೇಳಿ ಮೂರು, ಎರಡು, ಒಂದು ಎಂದು ಹಿಮ್ಮುಖ ಎಣಿಸುತ್ತದೆ. ಒತ್ತದೆ ಬಿಟ್ಟೆ. ಎಣಿಕೆ ಮುಗಿಯಿತು. ಪರದೆಯ ಮೇಲೆ ‘ಬ್ಯಾಡ್ ಮ್ಯಾಜಿಕ್ ನಂಬರ್’ ಎಂದು ಬಂತು.

ಹೆದರಿಸುವ ಮಾತಿನಂತಿದ್ದರೂ ಅರ್ಥ ಸಾದಾ. ಯು-ಬೂಟ್ ತಾನು ಎಬ್ಬಿಸಬೇಕಾದ ಲಿನಕ್ಸ್ ಕಡತದ ತಲೆಯಲ್ಲಿ 27051956 ಎಂಬ ಗುರುತಿನ ಸಂಖ್ಯೆಯನ್ನು ಹುಡುಕುತ್ತದೆ. ಇದ್ದರೆ ಕಡತ ಅಸಲಿ ಎಂದು ಮುಂದುವರಿಯುತ್ತದೆ. ಇಲ್ಲಿ ಆ ಜಾಗದಲ್ಲಿ ಇದ್ದದ್ದು ಎಫ್‌ಎಫ್ ಎಫ್‌ಎಫ್. ಅಂದರೆ ಕರೆಂಟ್ ಹೋದದ್ದು ಸರಿಯಾಗಿ ಆ ನಡುವಿನ ಜಾಗದಲ್ಲಿ. ಹಳೆಯದನ್ನು ಒರೆಸಿ ಆಗಿತ್ತು, ಹೊಸದರ ಮೊದಲ ಅಕ್ಷರವೂ ಬಿದ್ದಿರಲಿಲ್ಲ.

ಈ ಬೂಟ್‌ಲೋಡರಿನ ಬಗ್ಗೆ ನನಗೆ ಒಂದು ಗೌರವ ಇದೆ, ಸ್ವಲ್ಪ ಅಸೂಯೆಯೂ ಇದೆ. ಅದಕ್ಕೆ ಗೊತ್ತಿರುವುದು ತೀರ ಕಡಿಮೆ. ಫೋನ್ ಎಂದರೇನು ಗೊತ್ತಿಲ್ಲ, ಆಳಂದ ಗೊತ್ತಿಲ್ಲ, ತೊಗರಿ ದರ ಗೊತ್ತಿಲ್ಲ. ಏಳುವುದು ಗೊತ್ತು, ಎಬ್ಬಿಸಲು ಏನೂ ಸಿಗದಿದ್ದರೆ ಹಾಗೆಂದು ಹೇಳಿ, ಇನ್ನೊಬ್ಬರ ಕೈಯಿಂದ ಇಸಿದುಕೊಳ್ಳುವುದು ಗೊತ್ತು. ಅದು ಉಳಿದದ್ದು ಗಟ್ಟಿಯಿದೆ ಎಂದಲ್ಲ. ಅದೂ ಅದೇ ಜಾತಿಯ ಚಿಪ್ಪು, ಅವೇ ಸೋರುವ ಎಲೆಕ್ಟ್ರಾನುಗಳು. ಅದನ್ನು ಸುಧಾರಿಸಲು ಯಾರೂ ಹೋಗಲಿಲ್ಲ, ಅದಕ್ಕೇ ಉಳಿಯಿತು. ಡೆಂಕ್ 2022ರಲ್ಲಿ ತೀರಿಕೊಂಡರು. ಅವರ ಬರಹ ಮಾತ್ರ ಗಂಜಿನ ಒಂದು ಗೋಡೆಯ ಮೇಲೆ, ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ, ಕೇಳುವವರಿಲ್ಲದ ಸೀರಿಯಲ್ ತಂತಿಯ ಮೇಲೆ ಮೂರು, ಎರಡು, ಒಂದು ಎಣಿಸುತ್ತಲೇ ಇತ್ತು.

ಕಲ್ಯಾಣ ಕರ್ನಾಟಕದಲ್ಲಿ ಕೂತು ಅನಿತ್ಯದ ಬಗ್ಗೆ ಬರೆಯುವವನು ಸ್ಥಾವರ–ಜಂಗಮದ ಮಾತೆತ್ತದೆ ಮುಗಿಸಬಾರದೆಂಬ ಅಲಿಖಿತ ನಿಯಮವಿದೆ. ಎತ್ತಿದೆ, ಬಿಟ್ಟೆ. ಸಭೆಗಳಲ್ಲಿ, ಕಮಾನುಗಳ ಮೇಲೆ, ನಾಮಫಲಕಗಳ ಮೇಲೆ ಆ ಮಾತು ಎಷ್ಟು ಸ್ಥಾವರವಾಗಿದೆಯೆಂದರೆ, ಸ್ವಲ್ಪ ದಿನ ಅದನ್ನು ಮುಟ್ಟದಿರುವುದೇ ಅದಕ್ಕೆ ಮಾಡುವ ಉಪಕಾರ.

ಸೀರಿಯಲ್ ತಂತಿಯ ಮೇಲೆ ಅಪ್ಪಣೆ ಕೊಟ್ಟು, ಲ್ಯಾಪ್‌ಟಾಪಿನಿಂದ ನೆಟ್‌ವರ್ಕ್ ಕೇಬಲಿನ ಮೂಲಕ ಹಳೆಯ ಫರ್ಮ್‌ವೇರನ್ನು ಪೆಟ್ಟಿಗೆಯ ಮೆಮೊರಿಗೆ ಇಳಿಸಿ, ಅಲ್ಲಿಂದ ಫ್ಲ್ಯಾಶಿಗೆ ಬರೆದದ್ದನ್ನು ವಿಸ್ತಾರವಾಗಿ ಹೇಳುವುದಿಲ್ಲ. ಗೊತ್ತಿದ್ದವರಿಗೆ ಬೇಡ, ಗೊತ್ತಿಲ್ಲದವರಿಗೆ ರುಚಿಸದು. ಒಂದು ಮಾತು ಮಾತ್ರ. ಬರೆಯುವ ಮುಂಚೆ ಮತ್ತೆ ಅಳಿಸಬೇಕು. ಖಾಲಿಯಾದದ್ದನ್ನೇ ಇನ್ನೊಮ್ಮೆ ಖಾಲಿ ಮಾಡಿ ಎಂದು ಚಿಪ್ಪು ಕೇಳುತ್ತದೆ, ಯಾಕೆಂದರೆ ಅರ್ಧಕ್ಕೆ ನಿಂತ ಅಳಿಸುವಿಕೆಯನ್ನು ನಂಬಲಾಗದು. ಮೇಲಿಂದ ಎಲ್ಲ ಒಂದುಗಳಂತೆ ಕಂಡರೂ ಒಳಗೆ ಅಲ್ಲಲ್ಲಿ ಹಳೆಯ ಎಲೆಕ್ಟ್ರಾನು ಅಂಟಿಕೊಂಡಿರಬಹುದು.

ಪೆಟ್ಟಿಗೆ ಎದ್ದಿತು. ಎದ್ದ ಕೂಡಲೇ ತಾರೀಖು ಕೇಳಿದರೆ 1970ರ ಜನವರಿ 1 ಎಂದಿತು. ಒಳಗೆ ಗಡಿಯಾರಕ್ಕೆ ಜೀವ ಕೊಡುವ ಸೆಲ್ಲು ಇಲ್ಲದ ಲಿನಕ್ಸ್ ಪೆಟ್ಟಿಗೆಗಳು ಸಾಮಾನ್ಯವಾಗಿ ಹೀಗೇ. ಕಾಲವನ್ನು ಅವು ಆ ದಿನದಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ, ಎಣಿಕೆ ಕಳೆದುಹೋದರೆ ಮತ್ತೆ ಸೊನ್ನೆಯಿಂದ ಶುರು. ಮುನೀಮರಿಗೆ ತೋರಿಸಿದೆ. ‘ಅವಾಗ ನಾನೇ ಹುಟ್ಟಿದ್ದಿಲ್ರಿ, ಇದೇನ್ ಹುಟ್ಟಿತ್ತು!’ ಎಂದರು. ಈ ಎಣಿಕೆಗೆ ಇನ್ನೊಂದು ತುದಿಯೂ ಇದೆ. ಇಂಥ ಹಳೆಯ 32 ಬಿಟ್ಟಿನ ಯಂತ್ರಗಳಲ್ಲಿ 2038ರ ಜನವರಿ 19ರಂದು ಸಂಖ್ಯೆಯ ಜಾಗ ತುಂಬಿ, ಕಾಲ ಹಿಂದಕ್ಕೆ ಉರುಳಿ 1901ರಲ್ಲಿ ಹೋಗಿ ಬೀಳುತ್ತದೆ. ತನ್ನ ಆಯುಷ್ಯದ ಎರಡೂ ಕೊನೆ ಇಷ್ಟು ಖಚಿತವಾಗಿ ಗೊತ್ತಿರುವ ವಸ್ತು ಬೇರೆ ಯಾವುದಿದೆಯೋ.

ಆಮೇಲೆ ಬ್ಯಾಕಪ್. ಸಿಕ್ಕಿದ್ದು 2016ರದು. ಅದನ್ನು ಹಾಕಿದ ಮೇಲೆ ಡಯಲ್ ಟೋನ್ ಬಂತು, ಒಳಗಿನ ಫೋನು ಒಳಗಿನ ಫೋನಿಗೆ ಹೊಡೆಯಿತು. ಸಾವ್ಕಾರರು ಗಾದಿಯಿಂದಲೇ ‘ಆತಲ್ಲ?’ ಎಂದರು. ಆಗಿರಲಿಲ್ಲ. ಹೊರಗೆ ಯಾವ ಮೊಬೈಲಿಗೂ ಕರೆ ಹೋಗುತ್ತಿರಲಿಲ್ಲ. ನಾವು ಫರ್ಮ್‌ವೇರನ್ನು ಅನುಮಾನಿಸಿದೆವು, ಪೋರ್ಟನ್ನು ಅನುಮಾನಿಸಿದೆವು, ತಂತಿಯನ್ನು ಎಳೆದು ನೋಡಿದೆವು. ಕೊನೆಗೆ ಕರೆಯನ್ನು ಮಧ್ಯದಲ್ಲಿ ಕಡಿಯದೆ ಪೂರ್ತಿ ಕೇಳಿದಾಗ ಎಕ್ಸ್‌ಚೇಂಜಿನ ಹೆಣ್ಣುದನಿ ಸಮಾಧಾನದಿಂದ ಹೇಳುತ್ತಿತ್ತು, ನಂಬರಿನ ಮುಂದೆ ಸೊನ್ನೆ ಹಾಕಿ ಎಂದು. 2021ರ ಜನವರಿ 15ರಿಂದ ದೇಶದಲ್ಲೆಲ್ಲ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಬೇಕೆಂದರೆ ಮೊದಲು ಸೊನ್ನೆ ಒತ್ತಬೇಕು. ಹೊಸ ಮೊಬೈಲ್ ನಂಬರುಗಳಿಗೆ ಜಾಗ ಮಾಡಿಕೊಳ್ಳಲು ತಂದ ನಿಯಮ. 2016ರ ಬ್ಯಾಕಪ್ಪಿಗೆ ಅದು ಹೇಗೆ ಗೊತ್ತಾಗಬೇಕು? 2021ರಲ್ಲಿ ಯಾರೋ ಬಂದು ಪೆಟ್ಟಿಗೆಯಲ್ಲಿ ಆ ಒಂದು ಸೊನ್ನೆಯನ್ನು ಸೇರಿಸಿ ಹೋಗಿದ್ದರು. ಬಂದವರು ಯಾರೆಂದು ಅಂಗಡಿಯಲ್ಲಿ ಯಾರಿಗೂ ನೆನಪಿಲ್ಲ, ಅವರು ಸೇರಿಸಿದ ಸೊನ್ನೆಯೂ ಇಲ್ಲ.

ಬ್ಯಾಕಪ್ ಎಂದರೆ ವಸ್ತುವನ್ನು ಕಾಪಾಡುವುದು ಎಂದು ನಾವು ನಂಬಿದ್ದೇವೆ. ಅದು ಕಾಪಾಡುವುದು ಒಂದು ದಿನವನ್ನು. ಆ ದಿನ ಜಗತ್ತಿನ ಜೊತೆ ಪೆಟ್ಟಿಗೆಗೆ ಇದ್ದ ಸಂಬಂಧವನ್ನು. ಪೆಟ್ಟಿಗೆಯ ಕಡೆಯ ತುದಿಯನ್ನು ಹಿಡಿದಿಟ್ಟುಕೊಳ್ಳಬಹುದು, ಜಗತ್ತಿನ ಕಡೆಯ ತುದಿ ತನ್ನ ಪಾಡಿಗೆ ಸರಿಯುತ್ತಲೇ ಇರುತ್ತದೆ. ನಮ್ಮ ಮನೆಗಳಲ್ಲಿ ಸತ್ತವರನ್ನು ನೆನೆಸಿಕೊಳ್ಳುವಾಗಲೂ ಆಗುವುದು ಇದೇ. ಅವರು ಇವತ್ತು ಎದ್ದು ಬಂದರೆ ಏನನ್ನುತ್ತಿದ್ದರು ಎಂದು ಮಾತಾಡುತ್ತೇವೆ. ಎದ್ದು ಬಂದವರಿಗೆ ಮೊದಲು ಸೊನ್ನೆ ಒತ್ತುವುದನ್ನು ಕಲಿಸಬೇಕಾಗುತ್ತದೆ.

ಬ್ಯಾಕಪ್ಪಿನೊಳಗಿನ ಡಯಲ್ ಪ್ಲಾನ್ ಕಡತವನ್ನು ತೆರೆದು ಓದಿದೆ. ಇದು ಸಾದಾ ಅಕ್ಷರದ ಕಡತ, ಯಾರೂ ಓದಬಹುದು. ಸಾಲಿನ ಮುಂದೆ ಅರ್ಧವಿರಾಮ ಇದ್ದರೆ ಯಂತ್ರ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ, ಅದು ಮನುಷ್ಯರಿಗಾಗಿ ಬರೆದದ್ದು. ಪೆಟ್ಟಿಗೆಯ ಹೆಸರು ಗುಲ್ಬರ್ಗಾ ಎಂದಿತ್ತು. 2014ರ ನವೆಂಬರ್ 1ರಂದು ಊರು ಕಲಬುರಗಿಯಾಗಿತ್ತು, ಬ್ಯಾಕಪ್ ಅದರ ಎರಡು ವರ್ಷದ ಮೇಲಿನದು, ಆದರೂ ಗುಲ್ಬರ್ಗಾ. ಇದನ್ನು ತಪ್ಪೆನ್ನಲಾರೆ, ಬಸ್‌ಸ್ಟ್ಯಾಂಡಿನಲ್ಲಿ ಇವತ್ತೂ ಹಾಗೇ ಕೂಗುತ್ತಾರೆ. ಕೆಳಗೆ ಮೂರು ಸಾಲು. ಆಳಂದಕ್ಕೆ 08477, ಅಫಜಲಪುರಕ್ಕೆ 08470, ಜೇವರ್ಗಿಗೆ 08442. ಗಾದಿಯ ಮೇಲಿನ ಫೋನಿನಲ್ಲಿ ಎರಡು ಅಂಕಿ ಒತ್ತಿದರೆ ಪೆಟ್ಟಿಗೆ ಈ ಕೋಡುಗಳನ್ನೂ ಮುಂದಿನ ನಂಬರನ್ನೂ ತಾನೇ ಒತ್ತಿಕೊಳ್ಳುತ್ತಿತ್ತು.

ಈ ಎಸ್‌ಟಿಡಿ ಕೋಡುಗಳನ್ನು ಒಂದು ಕಾಲಕ್ಕೆ ಜಿಲ್ಲೆಯ ಜನ ಬಾಯಲ್ಲಿ ಹೇಳುತ್ತಿದ್ದರು. ಹಳದಿ ಬೋರ್ಡಿನ ಬೂತುಗಳ ಗಾಜಿನ ಮೇಲೆ ಪಟ್ಟಿ ಅಂಟಿಸಿರುತ್ತಿತ್ತು, ಮದುವೆ ಪತ್ರಿಕೆಯ ಕೆಳಗೆ ಅಚ್ಚಾಗುತ್ತಿತ್ತು. ಮುನೀಮರನ್ನು ಕೇಳಿದರೆ ಮೂರನ್ನೂ ತಡವರಿಸದೆ ಹೇಳಿದರು. ಅಲ್ಲೇ ನಿಂತಿದ್ದ ಅವರ ಅಣ್ಣನ ಮಗ, ಬಿ.ಕಾಂ. ಓದುವವನು, ‘ಕಾಕಾ, ಇವು ಪಿನ್‌ಕೋಡ್ ಏನು?’ ಎಂದ.

ಆ ಕೋಡುಗಳೇನೂ ಆಕಾಶದಿಂದ ಇಳಿದವಲ್ಲ. ನಮ್ಮ ಹಳ್ಳಿಗಳಿಗೆ ಫೋನು ಬಂದ ಕಥೆಯಲ್ಲಿ ಕರ್ನಾಟಕಕ್ಕೆ ಒಂದು ವಿಶೇಷ ಜಾಗ ಇದೆ, ಅದನ್ನು ನಾವು ಹೇಳಿಕೊಳ್ಳುವುದು ಕಡಿಮೆ. 1984ರಲ್ಲಿ ಸಿ-ಡಾಟ್ ಶುರುವಾಯಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದರು. ವಿದೇಶದ ದೊಡ್ಡ ಎಕ್ಸ್‌ಚೇಂಜುಗಳಿಗೆ ಎಸಿ ಕೋಣೆ ಬೇಕು, ಧೂಳಾಗದು. ನಮ್ಮ ಊರುಗಳಲ್ಲಿ ಇರುವುದು ಬಿಸಿಲು ಮತ್ತು ಧೂಳು ಎರಡೇ. ಹಾಗಾಗಿ ಎಸಿ ಇಲ್ಲದೆ ನಡೆಯುವ, 128 ಪೋರ್ಟುಗಳ ಸಣ್ಣ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿದರು. ಮೊದಲನೆಯದನ್ನು 1986ರಲ್ಲಿ ಕೂಡಿಸಿದ್ದು ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಅಂಥವು ಆಮೇಲೆ ದೇಶದ ಹಳ್ಳಿ ಹಳ್ಳಿಗೆ ಹೋದವು. ಆ ದಿನಗಳಲ್ಲಿ ಒಂದು ಊರಿಗೆ ಎಕ್ಸ್‌ಚೇಂಜ್ ಬಂದರೆ ಅದು ಶಾಶ್ವತವಾಗಿ ಬಂದಂತೆಯೇ ಕಾಣುತ್ತಿತ್ತು. ಕಟ್ಟಡ ಇತ್ತು, ಬೇಲಿ ಇತ್ತು, ಕಂಬ ಇತ್ತು, ಲೈನ್‌ಮನ್ನನ ಸೈಕಲ್ ಇತ್ತು. ಮೂವತ್ತು ವರ್ಷ ತುಂಬುವಷ್ಟರಲ್ಲಿ ಅದರ ಆಟ ಮುಗಿಯಿತು. ತಾರು ಅದಕ್ಕೂ ಮುಂಚೆ, 2013ರ ಜುಲೈನಲ್ಲಿ ನಿಂತಿತ್ತು. ತಾರು ನಿಂತಾಗ ಪತ್ರಿಕೆಗಳು ಬರೆದವು, ಜನ ಕೊನೆಯ ತಾರು ಕಳಿಸಲು ಸಾಲು ನಿಂತರು. ಗ್ರಾಮೀಣ ಎಕ್ಸ್‌ಚೇಂಜಿಗೆ ಯಾರೂ ಸಾಲು ನಿಲ್ಲಲಿಲ್ಲ. ಎಸ್‌ಟಿಡಿ ಬೂತಿಗಂತೂ ಮುಚ್ಚಿದ ದಿನವೇ ಇಲ್ಲ. ಬೂತು ಜೆರಾಕ್ಸ್ ಅಂಗಡಿಯಾಯಿತು, ಜೆರಾಕ್ಸ್ ಅಂಗಡಿ ರೀಚಾರ್ಜ್ ಅಂಗಡಿಯಾಯಿತು, ಮಾಲೀಕ ಅವನೇ, ಸ್ಟೂಲೂ ಅದೇ.

ಅದೇ 1986ರಲ್ಲಿ ನಮ್ಮ ಕಡೆ ಇನ್ನೊಂದು ಘಟನೆ ಆಯಿತು. ಅಫಜಲಪುರ ತಾಲ್ಲೂಕನ್ನು ದಾಟಿ, ಗಾಣಗಾಪುರದ ಬಳಿ ಅಮರ್ಜೆಯನ್ನು ಕೂಡಿಕೊಂಡು, ಜೇವರ್ಗಿಯ ಪಕ್ಕದಿಂದ ಇಳಿಯುವ ಭೀಮೆ ಮುಂದೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗುತ್ತಾಳೆ. ಅಲ್ಲಿ ಚಂದ್ರಲಾಂಬೆಯ ಗುಡಿ. ಆ ಆವರಣದ ಕಾಳಿಯ ಗುಡಿಯ ಛಾವಣಿ ಆ ವರ್ಷ ಕುಸಿದು ಮೂರ್ತಿ ಒಡೆಯಿತು. ಅವಶೇಷ ತೆಗೆದು ನೋಡಿದರೆ, ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ. ಎರಡೂ ಬದಿಗೆ ಬರೆದ ಕಲ್ಲು. ಅದರಲ್ಲಿ ಅವನ ದೊಡ್ಡ ಶಾಸನಗಳ ಪೈಕಿ 12 ಮತ್ತು 14ನೆಯವು, ಜೊತೆಗೆ ಅಲ್ಲಿಯವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು. ಮೂರ್ತಿಯನ್ನು ಕೂಡಿಸಲು ಕಲ್ಲಿನ ನಡುವೆ ಚೌಕಾಕಾರದ ತೂತು ಕೊರೆದಿದ್ದರು. ಆ ತೂತಿನಲ್ಲಿ ಹೋದ ಅಕ್ಷರಗಳು ಹೋದವು.

ಈ ಕಲ್ಲಿನ ಬಗ್ಗೆ ಎರಡು ರೀತಿ ಮಾತಾಡುವವರನ್ನು ಕೇಳಿದ್ದೇನೆ. ಒಬ್ಬರಿಗೆ ಅದು ಮರೆವಿನ ಕಥೆ: ಎಂಥ ಚಕ್ರವರ್ತಿಯ ಮಾತನ್ನು ತೂತು ಕೊರೆದು ಕಾಲ ಕೆಳಗೆ ಹಾಕಿಕೊಂಡರಲ್ಲ ಎಂಬ ಹಳಹಳಿ. ಇನ್ನೊಬ್ಬರಿಗೆ ಅದು ಉಳಿವಿನ ಕಥೆ: ನೋಡಿ, ಎರಡು ಸಾವಿರ ವರ್ಷದ ಮೇಲೂ ಸಿಕ್ಕಿತಲ್ಲ ಎಂಬ ಸಮಾಧಾನ. ನನಗೆ ಎರಡೂ ಅರ್ಧಂಬರ್ಧ ಎನಿಸುತ್ತವೆ. ಪಕ್ಕದಲ್ಲೇ ಕನಗನಹಳ್ಳಿಯ ಮಹಾಸ್ತೂಪ ಇದೆ. ಅದನ್ನು ಕಟ್ಟಿದವರು ಉಳಿಯಲೆಂದೇ ಕಟ್ಟಿದರು, ಶಿಲ್ಪದಲ್ಲಿ ಅಶೋಕನನ್ನೇ ಕೆತ್ತಿ ಕೆಳಗೆ ‘ರಾಯ ಅಸೋಕೊ’ ಎಂದು ಹೆಸರು ಬರೆದರು. 1990ರ ದಶಕದಲ್ಲಿ ಅಗೆದಾಗ ಅದು ಚೂರು ಚೂರಾಗಿ ಸಿಕ್ಕಿತು. ಶಾಸನದ ಕಲ್ಲು ಇಷ್ಟಾದರೂ ಉಳಿದದ್ದು ಯಾರೋ ಅದನ್ನು ಶಾಸನವೆಂದು ಕಾಣದೆ ಒಳ್ಳೆಯ ಚಪ್ಪಡಿ ಎಂದು ಕಂಡದ್ದರಿಂದ. ಅದನ್ನು ಕೊರೆದ ಕುಶಲಕರ್ಮಿಯೇ ಅದನ್ನು ಕಾಪಾಡಿದವನು. ಕೊರೆಯುವುದನ್ನೂ ಕಾಪಾಡುವುದನ್ನೂ ಬೇರೆ ಬೇರೆ ಮಾಡಿ ನೋಡಲು ಆ ಕಲ್ಲಿನಲ್ಲಿ ಎಡೆಯಿಲ್ಲ.

12ನೆಯ ಶಾಸನದ ವಿಷಯ ಏನು ಗೊತ್ತೆ? ಇನ್ನೊಬ್ಬರ ಮತವನ್ನು ಗೌರವಿಸುವುದು. ಅದನ್ನು ಹೊತ್ತ ಕಲ್ಲು ಇನ್ನೊಬ್ಬರ ದೇವಿಗೆ ಪೀಠವಾಗಿ ನಿಂತಿತು. 14ನೆಯದು ಇನ್ನೂ ಸ್ವಾರಸ್ಯದ್ದು. ಈ ಬರಹಗಳಲ್ಲಿ ಕೆಲವು ಕಡೆ ಅಪೂರ್ಣವಾಗಿರಬಹುದು, ಜಾಗದ ಕಾರಣದಿಂದಲೋ ಬರೆದವನ ತಪ್ಪಿನಿಂದಲೋ ಎಂದು ಅಶೋಕ ಅದರಲ್ಲಿ ಮೊದಲೇ ಒಪ್ಪಿಕೊಂಡಿದ್ದಾನೆ. ಬಿದ್ದುಹೋಗುವ ಅಕ್ಷರಗಳ ಬಗ್ಗೆ ಶಾಸನದೊಳಗೇ ಒಂದು ಸಾಲು! ಇಂದಿನ ಯಾವ ಫರ್ಮ್‌ವೇರ್ ತಯಾರಕರೂ ಇಷ್ಟು ನೇರವಾಗಿ ಬರೆಯುವುದಿಲ್ಲ.

ಕಲ್ಲಿನಲ್ಲಿ ತೂತು ಕೊರೆದರೆ ಸುತ್ತಲಿನ ಅಕ್ಷರ ಉಳಿಯುತ್ತದೆ. ಫ್ಲ್ಯಾಶಿನಲ್ಲಿ ಉಳಿಯುವುದಿಲ್ಲ. ನಾವು ನೆನಪಿಡುವ ಸಾಮಗ್ರಿ ಬದಲಾದಾಗ ಮರೆಯುವ ರೀತಿಯೂ ಬದಲಾಗಿದೆ ಎಂಬುದು ನನಗೆ ಮುಖ್ಯವಾಗಿ ಕಾಣುವ ಸಂಗತಿ. ಮುನೀಮರ ಕೀರ್ದಿಯಲ್ಲಿ ತಪ್ಪು ಬಿದ್ದರೆ ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಾರೆ. ತಪ್ಪೂ ಓದಲು ಸಿಗುತ್ತದೆ, ತಿದ್ದಿದ್ದೂ ಸಿಗುತ್ತದೆ, ತಿದ್ದಿದ ಕೈಯ ಅಕ್ಷರವೂ ಗುರುತು ಸಿಗುತ್ತದೆ. ದೀಪಾವಳಿ ಪಾಡ್ಯಕ್ಕೆ ಹೊಸ ಕೀರ್ದಿಗೆ ಪೂಜೆಯಾದರೆ ಹಳೆಯದು ಕೆಂಪು ಅರಿವೆಯಲ್ಲಿ ಗಂಟಾಗಿ ಅಟ್ಟ ಹತ್ತುತ್ತದೆ. ಗೆದ್ದಲು ತಿಂದರೂ ಒಂದು ಮೂಲೆಯಿಂದ ತಿನ್ನುತ್ತದೆ, ಒಮ್ಮೆಲೇ ಅಲ್ಲ. ಕಾಗದದ ಅಳಿವಿಗೆ ನಡುವಿನ ಹಂತಗಳಿವೆ: ಮಾಸುವುದು, ಹರಿಯುವುದು, ಒಂದು ಹಾಳೆ ಕಾಣೆಯಾಗುವುದು. 2020ರ ಅಕ್ಟೋಬರಿನ ಭೀಮಾ ಮಹಾಪೂರದಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಲ್ಲಿ ನೀರು ಇಳಿದ ಮೇಲೆ ಜನ ಮೊದಲು ಬಿಸಿಲಿಗೆ ಹರವಿದ್ದು ಕಾಗದಪತ್ರ. ಅರ್ಧ ಅಳಿಸಿದ ಪಹಣಿಯೂ ಪಹಣಿಯೇ. ಅರ್ಧ ಬರೆದ ಫರ್ಮ್‌ವೇರ್ ಏನೂ ಅಲ್ಲ.

ಆದರೆ ಉಳಿಸುವುದೇ ಧರ್ಮ, ಅಳಿಸುವುದು ಪಾಪ ಎಂಬ ಮಾತಿಗೂ ನನ್ನ ಒಪ್ಪಿಗೆ ಇಲ್ಲ. ಈ ಪೆಟ್ಟಿಗೆಯ ಬ್ಲ್ಯಾಕ್‌ಫಿನ್ ಪ್ರೊಸೆಸರಿಗೆ ಏನಾಯಿತೆಂದರೆ, 2018ರ ಜೂನಿನಲ್ಲಿ ಬಂದ ಲಿನಕ್ಸ್ 4.17ನೆಯ ಆವೃತ್ತಿಯಲ್ಲಿ ಅದಕ್ಕೆ ಬೇಕಾದ ಕೋಡನ್ನು ಕಿತ್ತುಹಾಕಿದರು. ಅದೊಂದರದ್ದೇ ಅಲ್ಲ, ಒಟ್ಟು ಎಂಟು ಜಾತಿಯ ಪ್ರೊಸೆಸರುಗಳದ್ದು. ಸುಮಾರು ಐದು ಲಕ್ಷ ಸಾಲು ಒಂದೇ ಸಲಕ್ಕೆ ಹೋಯಿತು. ಯಾರೂ ಬಳಸುತ್ತಿಲ್ಲ, ಯಾರೂ ಪರೀಕ್ಷಿಸುತ್ತಿಲ್ಲ, ಉಳಿದವರ ಕೆಲಸಕ್ಕೆ ಭಾರ ಎಂಬುದು ಕಾರಣ. ಗಂಜಿನ ಗೋಡೆಯ ಮೇಲೆ ಒಂದು ಇನ್ನೂ ನಡೆಯುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೀಳುವುದೇ ಸರಿ ಎಂದು ನಾನು ತಿಳಿದಿದ್ದೇನೆ. ನೋಡಿಕೊಳ್ಳುವವರಿಲ್ಲದ ಕೋಡನ್ನು ಉಳಿಸಿದಂತೆ ತೋರಿಸುವುದು ಸುಳ್ಳು ಭರವಸೆ. ಅವರು ಅಳಿಸಿದ ರೀತಿಯೂ ಒಳ್ಳೆಯದಿತ್ತು. 4.16ರವರೆಗಿನ ಪ್ರತಿಗಳಲ್ಲಿ ಅದು ಹಾಗೇ ಇದೆ, ಯಾರು ಯಾವತ್ತು ಯಾಕೆ ತೆಗೆದರೆಂಬ ದಾಖಲೆಯೂ ಇದೆ. ಬೇಕಾದವನು ಹೋಗಿ ಎತ್ತಿಕೊಳ್ಳಬಹುದು. ಐದು ಲಕ್ಷ ಸಾಲಿನ ಮೇಲೆ ಮುನೀಮರಂತೆ ಒಂದು ಗೆರೆ ಎಳೆದರು, ಅಷ್ಟೇ.

ಬದಲಾಗದೆ ಉಳಿದ ಪೆಟ್ಟಿಗೆಗೂ ಸುಖವಿಲ್ಲ. ಇಂಟರ್ನೆಟ್ಟಿಗೆ ತೆರೆದುಕೊಂಡ ಹಳೆಯ ಫೋನ್ ಸರ್ವರುಗಳ ಬಾಗಿಲನ್ನು ಇಡೀ ರಾತ್ರಿ ಯಾರೋ ತಟ್ಟುತ್ತಿರುತ್ತಾರೆ. ಸಿಕ್ಕರೆ ಅಲ್ಲಿಂದ ವಿದೇಶಕ್ಕೆ ಕರೆ ಹೊಡೆದು ಬಿಲ್ಲನ್ನು ಮಾಲೀಕರ ತಲೆಗೆ ಕಟ್ಟುತ್ತಾರೆ. ಈ ಅಂಗಡಿಯ ಪೆಟ್ಟಿಗೆಯ ಲಾಗ್ ತುಂಬ ಅಂಥ ಪ್ರಯತ್ನಗಳೇ ಇದ್ದವು. ಅಪ್‌ಗ್ರೇಡಿಗೆ ಕೈ ಹಾಕಿದ್ದು ಅದಕ್ಕಾಗಿಯೇ. ಹೊಸದನ್ನು ಬರೆಯದೆ ಬಿಟ್ಟರೆ ಕಳ್ಳರ ಭಯ, ಬರೆಯಲು ಹೋದರೆ ನಡುವಿನ ಆ ಜಾಗದ ಭಯ. ಎರಡನೆಯದಕ್ಕೆ ಕನಿಷ್ಠ ಬ್ಯಾಟರಿಗೆ ನೀರು ಹಾಕಬಹುದು. ಹಾಕಿಸಿದೆವು. ಬರುವ ಹೊಸ ಆವೃತ್ತಿಗಳು ಈ ಪ್ರೊಸೆಸರಿಗೆ ಇಲ್ಲ, ಇರುವುದರಲ್ಲಿ ಕೊನೆಯದನ್ನೇ ಹಾಕಿ, ಹೊರಗಿನ ಬಾಗಿಲು ಮುಚ್ಚಿ, ಮೊಬೈಲಿಗೆ ಹೋಗುವ ಕರೆಗಳಿಗೆ ಸೊನ್ನೆ ಸೇರಿಸಿದ್ದಾಯಿತು. ಆಳಂದದ ಲ್ಯಾಂಡ್‌ಲೈನು ಇನ್ನೂ ಹೊಡೆಯುತ್ತಿತ್ತು. ಅಫಜಲಪುರದ್ದು ಎಂದೋ ಮೊಬೈಲಿಗೆ ಬದಲಾಗಿತ್ತು, ಕಡತದಲ್ಲಿ ತಿದ್ದಿದೆ. ಹೊಸ ಡಯಲ್ ಪ್ಲಾನನ್ನು ಪೂರ್ತಿ ಮುದ್ರಿಸಿ ಮುನೀಮರ ಕೈಗೆ ಕೊಟ್ಟೆ, ಕೀರ್ದಿಯ ಹಿಂದಿನ ಹಾಳೆಗೆ ಅಂಟಿಸಿಕೊಂಡರು. ಆ ಮನೆಯಲ್ಲಿ ಹತ್ತು ವರ್ಷದ ಮೇಲೆ ಓದಲು ಸಿಗುವ ಪ್ರತಿ ಅದೇ.

ಜೇವರ್ಗಿಯ ಸಾಲು ಉಳಿದಿತ್ತು. ಅಲ್ಲಿನ ಖರೀದಿ ಅಂಗಡಿ ಮುಚ್ಚಿ ಸುಮಾರು ಕಾಲವಾಗಿದೆ, 08442ರ ಆ ನಂಬರೂ ಇಲ್ಲ. ಅಳಿಸಲೇ ಎಂದು ಕೇಳಿದೆ. ಮುನೀಮರು ಅವಸರವಾಗಿ ಕೈ ಅಡ್ಡ ಹಿಡಿದರು.

‘ಇರ್ಲಿ ಬಿಡ್ರಿ ಸರ್ರ. ಮುಂದಿನ ಸುಗ್ಗಿಗಿ ಅಲ್ಲಿ ಮತ್ತ ಅಂಗಡಿ ತೆಗೀಬೇಕಂತ ನಡದದ.’

ಗಾದಿಯಿಂದ ಸಾವ್ಕಾರರು ಕನ್ನಡಕದ ಮೇಲಿಂದ ನೋಡಿದರು. ‘ಯಾರ್ ತೆಗೀತಾರ ಮುನೀಮ್ರೇ? ನಾ ಅಂತೂ ತೆಗೆಯಂಗಿಲ್ಲ. ನೀವ್ ತೆಗೀತಿದ್ರ ನಂಬರ್ ಇಟ್ಕೋರಿ, ಬಾಡಿಗಿ ನೀವೇ ಕಟ್ರಿ.’